ಓಬಳೇಶನ ಗಂಟು

೧೨ ಆಗಸ್ಟ್ ೨೦೨೫, ಮಂಗಳವಾರ

ನಮ್ಮ ಬೋರಿನ ವೈರು ಕದ್ದವನು ಓಬಳೇಶನೇ. ಬೇರೆ ಕಳ್ಳನಾಗಿದ್ದರೆ ಕತ್ತರಿಸಿಕೊಂಡು ಓಡುತ್ತಿದ್ದ. ಈ ಮುಠ್ಠಾಳ, ಉಳಿದ ವೈರು ಒಳಗೆ ಬೀಳದಿರಲೆಂದು ಪೈಪಿಗೆ ಕಟ್ಟಿ ಹೋಗಿದ್ದಾನೆ. ಹಿರಿಯೂರು ಕಡೆ ಅರ್ಧಕ್ಕರ್ಧ ಬೋರಿಗೆ ಮೋಟಾರು ಇಳಿಸಿದವನು ಅವನೇ. ಅವನು ಹಾಕುವ ಆ ಗಂಟು ಎಲ್ಲರಿಗೂ ಗೊತ್ತು.

ಎರಡು ಸಲ ಜೈಲಿಗೆ ಹೋಗಿ ಬಂದಿದ್ದಾನೆ. ಮೂರನೇ ಸಲ ಸಿಕ್ಕರೆ ಹೊಸ ಕಾನೂನಿನಲ್ಲಿ ಶಿಕ್ಷೆ ದುಪ್ಪಟ್ಟಂತೆ. ಹಾಗೇ ಆಗಬೇಕು ಎಂದು ಟೀ ಅಂಗಡಿ ಮುಂದೆ ಕೂಗಾಡಿದವಳು ನಾನೇ. ಈಗಲೂ ಅದನ್ನೇ ಹೇಳುತ್ತೇನೆ.

ಸಂಜೆ ಬಂದು ಎಂದಿನಂತೆ ಜಗಲಿ ಮೇಲೆ ಕುಳಿತ.

"ಊಟ ಆತೇನಜ್ಜಿ? ವೈರು ಹೋತಂತೆ, ನಾನೇ ಹಾಕ್ಕೊಡ್ತೀನಿ ಬಿಡು."

"ಲೇ, ಕದ್ದಿದ್ದನ್ನೇ ಹಾಕ್ತೀಯೋ, ಹೊಸದು ತರ್ತೀಯೋ?"

ತಲೆ ತಗ್ಗಿಸಿದ. ಎದ್ದು ಮಾತ್ರ ಹೋಗಲಿಲ್ಲ.

ಯಜಮಾನರು ಹೋದ ಮೇಲೆ ನನ್ನನ್ನು ಊಟ ಆಯಿತೇ ಎಂದು ಕೇಳುವವನು ಅವನೊಬ್ಬನೇ.

ನನ್ನನ್ನು ಕೇಳದೆ ಮೈದುನ ದೂರು ಕೊಟ್ಟಿದ್ದಾನೆ. ನಾಳೆ ಪೊಲೀಸರು ಬೋರು ನೋಡಲು ಬರುತ್ತಾರೆ. ಬೆಳಕು ಹರಿಯುವ ಮೊದಲೇ ಹೋಗಿ ಆ ಗಂಟು ಬಿಚ್ಚಬೇಕು. ಬಿಚ್ಚಿದರೆ ಉಳಿದ ವೈರೂ ಒಳಗೆ ಬೀಳುತ್ತದೆ. ಬೀಳಲಿ. ಕಾನೂನು ಸರಿಯಾಗಿಯೇ ಇದೆ. ಆದರೆ ಸಂಜೆ ಹೊತ್ತು ನಾನೊಬ್ಬಳೇ ಯಾರನ್ನು ಬೈದುಕೊಂಡು ಕೂರಲಿ?