ಬಲಗಡೆಯ ಹೂವು

ದೇವನಹಳ್ಳಿ,
ಬುಧವಾರ, ೧೧ ಜೂನ್ ೨೦೨೫

ಪ್ರೀತಿಯ ಅಕ್ಕಾ,

ನಿನ್ನ ಭುಜದ ನೋವು ಹೇಗಿದೆ? ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ನಿಂತೇ ಪ್ಯಾಕಿಂಗ್ ಮಾಡುವ ಕೆಲಸ ಬಿಡಿಸಿ ಕೂತು ಮಾಡುವ ಕಡೆ ಹಾಕುತ್ತೇವೆ ಎಂದಿದ್ದರಲ್ಲ, ಹಾಕಿದರೇ? ಪಾಪುವಿನ ಕೆಮ್ಮು ನಿಂತಿತೇ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಜ್ಜಿಗೆ ಕಿವಿ ಇನ್ನಷ್ಟು ಮಂದವಾಗಿದೆ, ಬೈಗುಳ ಮಾತ್ರ ನಮಗೆ: "ಯಾಕ್ರೇ ಎಲ್ಲಾರೂ ಪಿಸಪಿಸ ಅಂತೀರಾ, ನನ್ನ ಮೇಲೆ ಚಾಡಿನಾ?" ಹೊಸಕೋಟೆಗೆ ಒಂದು ಗಂಟೆಯ ದಾರಿ, ಕಾಗದವೇಕೆ ಎಂದು ನಗಬೇಡ. ನೀನು ಫೋನನ್ನು ಸ್ಪೀಕರಿಗೆ ಹಾಕಿಕೊಂಡೇ ಅಡುಗೆ ಮಾಡುತ್ತೀಯ, ನಿಮ್ಮ ಅತ್ತೆಯವರೂ ಅಲ್ಲೇ ಇರುತ್ತಾರೆ. ಎದುರು ನಿಂತು ಹೇಳೋಣವೆಂದರೆ ನನಗೆ ಬಾಯಿ ಬರುವುದಿಲ್ಲ. ಕೆಂಪರಾಜು ಮಾವ ನಾಳೆ ನಿಮ್ಮೂರ ಕಡೆ ಬರುತ್ತಾರಂತೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಒಬ್ಬಳೇ ಇರುವಾಗ ಓದು.

ಭಾನುವಾರ ನೀನು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದನ್ನು ನಾನು ಪಕ್ಕದಲ್ಲೇ ಬೆಳ್ಳುಳ್ಳಿ ಸುಲಿಯುತ್ತಾ ಕೇಳಿಸಿಕೊಂಡೆ. ಹೊಸಕೋಟೆಯ ನರ್ಸಿಂಗ್ ಶಾಲೆಯಲ್ಲಿ ಅರ್ಜಿ ಕೊಡುತ್ತಿದ್ದಾರೆ, ನಿನ್ನ ವಯಸ್ಸು ಮೀರಿಲ್ಲ, ದೇವರಾಜ್ ಭಾವನೂ ಓದು ಎನ್ನುತ್ತಿದ್ದಾರೆ ಎಂದೆಯಲ್ಲ. ಅಷ್ಟು ಹೇಳಿ ನೀನೇ, "ಶುಕ್ರವಾರ ಬಂದು ಸಪ್ಪಲಮ್ಮನ ಹತ್ರ ಹೂ ಕೇಳ್ತೀನಿ, ಆಮೇಲೆ ನೋಡೋಣ. ಆವತ್ತೇ ಬ್ಯಾಡ ಅಂದೋಳು ಈಗ ಕೊಟ್ಬಿಡ್ತಾಳಾ? ನನ್ನ ಹಣೇಲಿ ಬರ್ದಿಲ್ಲ ಬಿಡಮ್ಮ" ಎಂದು ನಕ್ಕೆ. ನೀನು ಅತ್ತಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲವೇನೋ. ನಕ್ಕೆಯಲ್ಲ, ಅದಕ್ಕೇ ಆಮೇಲೆ ನನಗೆ ಊಟ ಸೇರಲಿಲ್ಲ.

ಹಣೆಬರಹದ ಮೇಲೆಯೇ ನಾನು ಎಂ.ಎ.ಯಲ್ಲಿ ನಲವತ್ತು ಪುಟ ಬರೆದೆ. "ನಲವತ್ತು ಪುಟಕ್ಕೆ ಅದ್ರಲ್ಲಿ ಏನೈತೇ?" ಎಂದು ನೀನು ಕೇಳಿದ್ದೆ. ಇದ್ದದ್ದು ಇಷ್ಟೇ. ವಿಧಿ ಎಂದರೆ ಮೊದಲು ಯಾರೋ ಹಣೆಯ ಮೇಲೆ ಎಳೆದ ಗೆರೆಯಲ್ಲ, ಯಜ್ಞದಲ್ಲಿ ಇದನ್ನು ಹೀಗೆ ಮಾಡು ಎನ್ನುವ ಕಟ್ಟಳೆ. ಕಟ್ಟಳೆ ಮಾಡಿದವರು ಮರೆತುಹೋದ ಮೇಲೆ ಅದು ದೇವರ ಮಾತಾಯಿತು. ನಮ್ಮವರು ಪಾಲಿಗೆ ಬಂದದ್ದು ಎನ್ನುತ್ತಾರಲ್ಲ, ಅದು ನನಗೆ ಇನ್ನೂ ಹತ್ತಿರವೆನಿಸಿತು. ಅಪ್ಪ, ದೊಡ್ಡಪ್ಪ ಹೊಲ ಪಾಲು ಮಾಡಿಕೊಂಡಾಗ ಚೊಂಬಿನಲ್ಲಿ ಚೀಟಿ ಹಾಕಿ ಎತ್ತಿಸಿದರು, ಕಲ್ಲುಭೂಮಿ ಅಪ್ಪನಿಗೆ ಬಂತು. ಚೀಟಿಯಲ್ಲವೇ ಕೊಟ್ಟದ್ದು, ಅಣ್ಣನ ಮೇಲೆ ಅಪ್ಪ ಸಿಟ್ಟಾಗಲಿಲ್ಲ. ಯಾರ ಮೇಲೂ ಸಿಟ್ಟಿಲ್ಲದೆ ಸೋಲುವುದಕ್ಕೆಂದೇ ಜನ ವಿಧಿಯನ್ನು ಕಂಡುಕೊಂಡಿರಬೇಕು ಎಂದು ಬರೆದೆ. ಅಜ್ಜಿಯನ್ನು ಕೇಳಿದರೆ, ಹುಟ್ಟಿದ ಆರನೇ ದಿನ ಬ್ರಹ್ಮ ಬಂದು ಬರೆಯುತ್ತಾನೆ ಎಂದಳು. "ನಂಗೆ ಬರೆಯೋವಾಗ ಅವ್ನಿಗೆ ತೂಕಡಿಕೆ ಕಣೇ, ಏನೋ ಗೀಚ್ಬುಟ್ಟು ಹೋದ." ಮೇಷ್ಟ್ರು ಆ ಮಾತಿಗೆ ಗೆರೆ ಎಳೆದು ಚೆನ್ನಾಗಿದೆ ಎಂದು ಬರೆದರು. ಆದರೆ ಒಂದು ಹಣೆಬರಹವನ್ನು ಬರೆದವರು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಮಾತ್ರ ಆ ನಲವತ್ತು ಪುಟದಲ್ಲಿ ಬರೆಯಲಿಲ್ಲ.

ಒಂಬತ್ತು ವರ್ಷದ ಹಿಂದೆ ನಿನಗೆ ಮೈಸೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಾಗ ಸಪ್ಪಲಮ್ಮನ ಪೂಜೆಯ ಸರದಿ ಈ ವರ್ಷದಂತೆ ನಮ್ಮ ಮನೆಯದೇ ಆಗಿತ್ತು. ಗುಡಿ ಗುಡಿಸುವುದು, ಗಂಧ ತೇಯುವುದು, ಹೂವಿನ ಎಸಳು ನೀರಿನಲ್ಲಿ ಅದ್ದಿ ಅಮ್ಮನವರ ಎರಡು ತೋಳಿಗೂ ಅಂಟಿಸುವುದು ನನ್ನ ಕೆಲಸ. ನನಗೆ ಹದಿನಾಲ್ಕು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಸ್ಕೂಲಿನಲ್ಲಿ ನನ್ನ ಬದಲು ಮಾತಾಡುತ್ತಿದ್ದವಳು ನೀನು. ಕಂಡಕ್ಟರು ಎಲ್ಲಿಗಮ್ಮಾ ಎಂದರೂ ನಾನು ನಿನ್ನ ಮುಖ ನೋಡುತ್ತಿದ್ದೆ. ನೀನು ಹೋದರೆ ನಾನು ಹೇಗೆ ಬದುಕಲಿ ಎನಿಸಿತು. ಅದಕ್ಕೆ ಆವತ್ತು ಎಡಗಡೆಯ ಎಸಳುಗಳನ್ನು ಬರೀ ನೀರಿನಲ್ಲಿ ಅದ್ದಿದೆ. ಬಲಗಡೆಯವಕ್ಕೆ ಗಂಧದಲ್ಲಿ ಅಭಿಷೇಕದ ಜೇನುತುಪ್ಪ ಕಲಸಿ, ಒಂದೊಂದನ್ನೂ ಒತ್ತಿ ಅಂಟಿಸಿದೆ. ಬಲಗಡೆಯದು ಮೊದಲು ಬಿದ್ದರೆ ಹೋಗು, ಎಡಗಡೆಯದು ಬಿದ್ದರೆ ಬೇಡ. ನೀನು ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದೆ. ಎಡಗಡೆಯದು ಬಿತ್ತು. ಅಪ್ಪ, "ಅಮ್ಮನ ಮಾತು ಮೀರೋದು ಬ್ಯಾಡ ಕಣವ್ವ" ಎಂದರು. ನೀನು ಮಂಗಳಾರತಿ ತೆಗೆದುಕೊಂಡು, ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡೇ ಮನೆಗೆ ಬಂದೆ. ನನ್ನ ಕೈಯನ್ನೇ ಹಿಡಿದುಕೊಂಡಿದ್ದೆ, ಅಕ್ಕ.

ಒಂದೂವರೆ ವರ್ಷದಲ್ಲಿ ನಿನ್ನ ಮದುವೆಯಾಯಿತು. ನೀನು ಹೇಗೂ ಹೋದೆ, ನಾನು ಹೇಗೂ ಮಾತು ಕಲಿತೆ. ನನ್ನ ಓದಿಗೆ ಮನೆಯಲ್ಲಿ ಯಾರೂ ಹೂ ಕೇಳಲಿಲ್ಲ, ಕೇಳಬೇಡಿ ಎಂದು ಜಗಳವಾಡಿದವಳೂ ನೀನೇ. "ಅವ್ಳಾದ್ರೂ ಓದ್ಲಿ ಬಿಡ್ರೀ" ಎಂದೆಯಂತೆ. ಭಾವ ಒಳ್ಳೆಯವರು, ಪಾಪು ಇದ್ದಾಳೆ, ಇದೇ ನನ್ನ ಪಾಲಿನದು ಎಂದು ನೀನು ಹೇಳಿದಾಗಲೆಲ್ಲ ನಾನು ತಲೆಯಾಡಿಸಿದ್ದೇನೆ. ಅಷ್ಟೂ ಸಲವೂ ಬಾಯಿ ಬಿಡಬಹುದಿತ್ತು. ಆವತ್ತು ಮಾಡಿದ್ದು ಚಿಕ್ಕ ಹುಡುಗಿಯ ತಪ್ಪು ಎನ್ನಬಹುದು, ಆಮೇಲಿನ ಒಂಬತ್ತು ವರ್ಷಕ್ಕೆ ಆ ಮಾತು ಹೊಂದುವುದಿಲ್ಲ. ಸಪ್ಪಲಮ್ಮ ನಿನಗೆ ಬೇಡ ಎಂದಿಲ್ಲ. ಅವಳಿಗೆ ಹೇಳುವ ಅವಕಾಶವನ್ನೇ ನಾನು ಕೊಡಲಿಲ್ಲ.

ಇದನ್ನು ಓದಿ ನೀನು ಸಿಟ್ಟಾಗಬೇಕು. ಹಣೆಯ ಮೇಲಲ್ಲ, ನನ್ನ ಮೇಲೆ. ಕ್ಷಮಿಸು ಎಂದು ಕೇಳಿದರೆ ನೀನು ತಕ್ಷಣ ಕ್ಷಮಿಸಿಬಿಡುತ್ತೀಯ, ಅದಕ್ಕೇ ಈಗ ಕೇಳುವುದಿಲ್ಲ.

ಅಜ್ಜಿ ನಿನಗೆ ನೂರು ವರ್ಷ ಬಾಳು ಎಂದು ಹರಸಿದ್ದಾಳೆ. ಭಾವನಿಗೂ ಅತ್ತೆಯವರಿಗೂ ನನ್ನ ನಮಸ್ಕಾರ. ಪಾಪುವಿನ ಕೆನ್ನೆಗೆ ಚಿಕ್ಕಮ್ಮನ ಮುತ್ತು.

ಇಂತಿ,
ನಿನ್ನ ಬೆನ್ನಿಗೆ ಬಿದ್ದ ತಂಗಿ,
ಪ್ರಮೋದಾ

ಮತ್ತೆ: ಕಾಗದ ಮಡಿಸುವಾಗ ಅಮ್ಮ ಬಂದು ಯಾರಿಗೆ ಎಂದಳು. ಓದಿ ಹೇಳಿದೆ. "ನಂಗೊತ್ತಿತ್ತು ಕಣೇ. ಆವತ್ತು ಹೂ ತೆಗೆದು ಗುಡಿ ತೊಳೆದೋಳು ನಾನಲ್ವಾ. ಬಲಗಡೇದು ಉಜ್ಜಿದ್ರೂ ಬರ್ಲಿಲ್ಲ. ನಂಗೂ ಅವ್ಳನ್ನ ಕಳ್ಸೋಕೆ ಮನಸ್ಸಿರ್ಲಿಲ್ಲ" ಎಂದಳು. ಆಮೇಲೆ ಮೆಲ್ಲಗೆ, "ಶುಕ್ರವಾರ ಎಡಗಡೇದು ಅಂಟಿಸ್ಬುಡು, ಓದ್ಕೊಳ್ಲಿ" ಎಂದಳು. ನಾನು ಆಗುವುದಿಲ್ಲ ಎಂದೆ, ಅಕ್ಕ. ಇನ್ನೊಂದು ಸಲ ನಿನಗಾಗಿ ನಾವು ಬರೆಯುವುದು ಬೇಡ. ಶುಕ್ರವಾರ ಇಲ್ಲಿಗೆ ಬರಬೇಡ. ಶಾಲೆಗೆ ಫೋನ್ ಮಾಡಿ ವಿಚಾರಿಸಿದೆ, ಅರ್ಜಿಗೆ ಶನಿವಾರ ಮಧ್ಯಾಹ್ನ ಒಂದು ಗಂಟೆ ಕೊನೆಯಂತೆ. ಪಿಯುಸಿ ಅಂಕಪಟ್ಟಿ ಇದರ ಜೊತೆಗಿದೆ, ಅಮ್ಮ ಟ್ರಂಕಿನಿಂದ ತೆಗೆದುಕೊಟ್ಟಳು. ಕೊಡುವುದೋ ಬಿಡುವುದೋ ನಿನ್ನ ಇಷ್ಟ. ನಮಗೆ ಬೈಯುವುದಕ್ಕೆ ಭಾನುವಾರ ಬಾ, ಇಬ್ಬರೂ ಮನೆಯಲ್ಲೇ ಇರುತ್ತೇವೆ.