ಫಿಫ್ಟಿ-ಫಿಫ್ಟಿ ಅಲ್ಲ ಕಣ್ರೀ

ರೀ,

ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಅಂತ ಎಲ್ಲರೂ ಹೇಳುತ್ತಾರೆ. ಹೇಳಲಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಹ್ಯೂಸ್ಟನ್ ಪಕ್ಕದ ಕೇಟಿ ಊರಿನ ಈ ಮನೆಗೆ ಬಂದ ಹೊಸತರಲ್ಲಿ, ಚಂಡಮಾರುತ ಇತ್ತ ಬರುತ್ತಾ ಅಂತ ಹೆದರಿ ಕೇಳಿದ್ದೆ. "ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ಫಿಫ್ಟಿ-ಫಿಫ್ಟಿ ಕಣೇ" ಅಂದು ಚಪಾತಿ ಮುರಿದಿರಿ. ನಿಮಗೆ ವೀಸಾ ಸಿಗುವುದೂ ಫಿಫ್ಟಿ-ಫಿಫ್ಟಿ, ಒಲೆ ಮೇಲಿನ ಹಾಲು ಉಕ್ಕುವುದೂ ಫಿಫ್ಟಿ-ಫಿಫ್ಟಿ.

ಚೌಕಾಬಾರ ಆಡುವಾಗ ನಿಧಿ ನಿಮ್ಮ ತಪ್ಪು ಹಿಡಿದಳಲ್ಲ, ನೆನಪಿದೆಯಾ? ನಾಲ್ಕೂ ಕವಡೆ ಬಾಯಿ ಮೇಲಾಗಿ ಚೌಕ ಬೀಳುವುದೂ ಫಿಫ್ಟಿ-ಫಿಫ್ಟಿ ಅಂದಿರಿ. "ನೋ, ಅಪ್ಪಾ!" ಅಂತ ಕಿರುಚಿದಳು. ಸ್ಕೂಲಿನಲ್ಲಿ ಆಗಷ್ಟೇ ಕಲಿತಿದ್ದಳು. ಕವಡೆಯನ್ನು ನಾಣ್ಯದ ಹಾಗೆ ಅಂದುಕೊಂಡರೂ ಬೀಳುವ ಬಗೆ ಹದಿನಾರು, ಚೌಕ ಅದರಲ್ಲಿ ಒಂದೇ. ಉತ್ತರ ಎರಡಿದ್ದ ಮಾತ್ರಕ್ಕೆ ಎರಡೂ ಸಮ ಆಗುತ್ತವೆಯೇ? ನೀವು ನಕ್ಕು ಅವಳ ಕಾಯಿ ಹೊಡೆದಿರಿ.

ಮೆಟ್ಟಿಲು ಹತ್ತಿ ತಲೆ ಸುತ್ತಿ ಕೂತ ದಿನ, ಹೃದಯದ ಎಕೋ ಟೆಸ್ಟ್ ಮಾಡಿಸಿಕೊಳ್ಳಿ ಅಂತ ಅಂಗಲಾಚಿದೆ. "ಇದ್ರೆ ಇದೆ, ಇಲ್ದಿದ್ರೆ ಇಲ್ಲ." ನಿಮ್ಮಪ್ಪ ಅದೇ ವಯಸ್ಸಿಗೆ ಕುಸಿದು ಬಿದ್ದು ತೀರಿಹೋಗಿದ್ದರೂ, ನಿಮಗೇ ತಲೆ ಸುತ್ತಿದ್ದರೂ ಅದು ಅರ್ಧಕ್ಕರ್ಧವೇ? ಆಮೇಲೆ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ, ಕೈಯಲ್ಲಿ ರ್‍ಯಾಕೆಟ್ ಹಿಡಿದುಕೊಂಡೇ...

ನೀವು ಹೋದ ಮೇಲೆ ಹ್ಯೂಸ್ಟನ್ನಿನ ಹೃದಯದ ಡಾಕ್ಟರ್ ಎದುರು ನಾನೂ ನಿಧಿಯೂ ಕೂತಿದ್ದೆವು. ಇದು ವಂಶದಲ್ಲಿ ಇಳಿದು ಬರುವ ಕಾಯಿಲೆಯಂತೆ. ನಿಮ್ಮ ಜೋಡಿ ಜೀನಿನಲ್ಲಿ ಒಂದು ಕೆಟ್ಟದ್ದು, ಒಂದು ಒಳ್ಳೆಯದು. ಮಗಳಿಗೆ ದಾಟುವುದು ಒಂದೇ, ಯಾವುದು ಬೇಕಾದರೂ ಆಗಬಹುದು. "ಫಿಫ್ಟಿ-ಫಿಫ್ಟಿ" ಅಂದರು ಡಾಕ್ಟರ್. ಮೇಜು ಗುದ್ದಬೇಕು ಅನ್ನಿಸಿತು. ನೀವು ಜೀವನವೆಲ್ಲ ತಪ್ಪು ತಪ್ಪಾಗಿ ಹೇಳಿದ ಮಾತು ನಿಜವಾಗಲು ನನ್ನ ಮಗಳೇ ಬೇಕಿತ್ತಾ?

ನಿನ್ನೆ ಅವಳ ಜೀನ್ ಟೆಸ್ಟಿನ ರಿಸಲ್ಟ್ ಬಂತು. ಅವಳಿಗೆ ಆ ಕೆಟ್ಟದ್ದೇ ಬಂದಿದೆ ಕಣ್ರೀ. ಹೃದಯ ಸದ್ಯಕ್ಕೆ ಸರಿಯಾಗಿದೆ. ಪ್ರತಿ ವರ್ಷ ಟೆಸ್ಟ್ ಮಾಡಿ ನೋಡುತ್ತಾರೆ, ಬೇಕಾದರೆ ಮಾತ್ರೆ, ಬೇಕಾದರೆ ಎದೆಯೊಳಗೊಂದು ಪುಟ್ಟ ಮಶೀನು. ಮೊದಲೇ ಗೊತ್ತಾಗಿದ್ದರಿಂದ ಎಲ್ಲರ ಹಾಗೆ ಬದುಕಬಹುದಂತೆ. ಮೊದಲೇ ಗೊತ್ತಾಗಿದ್ದರಿಂದ! ನಿಮಗೂ ಅಷ್ಟೇ ಸಾಕಿತ್ತು.

ಡಾಕ್ಟರ್ ಹತ್ತಿರದಿಂದ ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ, "ವರ್ಷ ವರ್ಷ ಟೆಸ್ಟಿಗೆ ಹೋಗ್ತೀಯಲ್ಲ, ಪುಟ್ಟಿ?"

ಕಿಟಕಿಯಾಚೆ ನೋಡುತ್ತಲೇ ಅಂದಳು, "ಹಂಡ್ರೆಡ್ ಪರ್ಸೆಂಟ್, ಅಮ್ಮಾ."

ಕೇಳಿಸಿತಾ, ರೀ?