ಸಾಮ್ರಾಜ್ಞಿಗೆ ಮಾತು ಮರೆತಾಗ

ಫೆಬ್ರವರಿ 6, ಮಂಗಳವಾರ

ಮತ್ತೆ ಎಸ್-ಬಾನ್ ರೈಲು ತಡ. ಸ್ಟುಡಿಯೋಗೆ ಓಡಿಕೊಂಡೇ ಹೋದೆ. ಹಳೇ ರೋಮಿನ ಕತೆಯ ಸೀರಿಯಲ್‌ನಲ್ಲಿ ದಾಸಿಯ ಪಾತ್ರ ನನ್ನದು — ಸಾಮ್ರಾಜ್ಞಿಯ ತಲೆ ಬಾಚುವುದು, ಸುಮ್ಮನಿರುವುದು. ಸಾಮ್ರಾಜ್ಞಿಯ ಪಾತ್ರ ಇಂಗ್ರಿಡ್‌ದು, ಎಪ್ಪತ್ತು ದಾಟಿದವಳು. ಇವತ್ತು ಮಲಮಗನಿಗೆ ವಿಷ ಕೊಡಿಸುವ ಸೀನ್. ಅರ್ಧದಲ್ಲಿ ಆಕೆಯ ಬೆನ್ನು ಸೆಟೆಯಿತು. ಮಾತು ಮರೆತಿತ್ತು. ಬಾಚುತ್ತಲೇ ಕಿವಿಯಲ್ಲಿ ಮುಂದಿನ ಸಾಲು ಹೇಳಿಕೊಟ್ಟೆ. ಯಾರಿಗೂ ಗೊತ್ತಾಗಲಿಲ್ಲ.

ಫೆಬ್ರವರಿ 15

ಈಗ ದಿನಾ ಅದೇ. ಮೇಕಪ್ ರೂಮಿನಲ್ಲಿ ಇಂಗ್ರಿಡ್ ನನ್ನ ಕೈ ಹಿಡಿದಳು. "ಡಾಕ್ಟರ್ ಇದಕ್ಕೊಂದು ಹೆಸರಿಟ್ಟಿದ್ದಾರೆ, ನಾಜ್ನೀನ್. ನಾನು ಅದನ್ನು ಬಾಯಲ್ಲಿ ಹೇಳುವುದಿಲ್ಲ. ಈ ಪಾತ್ರವೊಂದು ಮುಗಿಸಿಬಿಡುತ್ತೇನೆ."

ಮನೆಗೆ ಬಂದು ಗಂಡ ಜಾವೇದ್‌ಗೆ ಹೇಳಿದೆ. "ಡೈರೆಕ್ಟರಿಗೆ ಹೇಳಿಬಿಡು. ನಾಳೆ ಗೊತ್ತಾದ್ರ ನಿನ್ನ ಮ್ಯಾಲೂ ಬರ್ತದ," ಅಂದ.

ಹೇಳಲಾರೆ. ಮನೆಯ ಹೊರಗೆ, ಈ ಬರ್ಲಿನ್‌ನಲ್ಲಿ ನನ್ನ ಹೆಸರನ್ನು ಸರಿಯಾಗಿ ಹೇಳುವವಳು ಆಕೆಯೊಬ್ಬಳೇ.

ಮಾರ್ಚ್ 4

ಡೈರೆಕ್ಟರ್ ಮಾರ್ಕುಸ್ ಕರೆದ. ಮೈಕ್‌ನಲ್ಲಿ ನನ್ನ ಪಿಸುಮಾತು ಸಿಕ್ಕಿದೆ. ಬೈಯಲಿಲ್ಲ. "ಸಾಮ್ರಾಜ್ಞಿಯ ಪತನವನ್ನು ಮುಂದಿನ ಎಪಿಸೋಡಿಗೇ ತರುತ್ತೇವೆ," ಅಂದ. ಅಷ್ಟೇ. ಕತೆಯಲ್ಲಿ ಸೀಸನ್ ಕೊನೆಯವರೆಗೂ ಬದುಕಬೇಕಿತ್ತು ಆಕೆ.

"ಆ ಸೀನಲ್ಲಿ ನಾನಿರುತ್ತೇನಾ?"

"ಇಲ್ಲ. ದಾಸಿಯರೆಲ್ಲ ಓಡಿಹೋಗಿರುತ್ತಾರೆ. ಆಕೆ ಒಂಟಿಯಾಗಿರಬೇಕು."

ಮಾರ್ಚ್ 11, ಸಂಜೆ

ಮುಗಿಯಿತು. ಮಾನಿಟರ್ ಹಿಂದೆ ನಿಂತು ನೋಡಿದೆ. ಸೈನಿಕರು ಬಾಗಿಲು ಒಡೆದು ನುಗ್ಗಿದರು. ಆಕೆ ಅವರನ್ನು ಶಪಿಸಬೇಕಿತ್ತು — ಒಂದು ಪುಟದಷ್ಟು ಮಾತು. ಬಾಯಿ ತೆರೆದಳು. ಏನೂ ಬರಲಿಲ್ಲ. ಕತ್ತಿಗಳನ್ನು ನೋಡಿದಳು, ಲೈಟುಗಳನ್ನು ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ — "ನನ್ನ ಹುಡುಗಿ ಎಲ್ಲಿ? ಮನೆಗೆ ಕರಕೊಂಡು ಹೋಗಲು ಹೇಳಿ ಅವಳಿಗೆ."

ಸೈನಿಕನ ಪಾತ್ರದವನು ಕತ್ತಿ ಇಳಿಸಿಬಿಟ್ಟ. ಮಾರ್ಕುಸ್ ಎಷ್ಟೋ ಹೊತ್ತು ಕಟ್ ಹೇಳಲಿಲ್ಲ. ಹೇಳಿದ ಮೇಲೆ ಎಲ್ಲರೂ ಎದ್ದು ಚಪ್ಪಾಳೆ. ಮೇಕಪ್‌ನವಳು ಅತ್ತಳು, ಎಂಥ ಆ್ಯಕ್ಟಿಂಗ್ ಎಂದು.

ಕೇಬಲ್ ದಾಟಿ ಓಡಿದೆ. ಗುರುತು ಹಿಡಿದಳೋ ಇಲ್ಲವೋ. ಕಿರೀಟ ತೆಗೆಯಲು ಬಿಡಲಿಲ್ಲ.

ಮಾರ್ಚ್ 29

ಇಂಗ್ರಿಡ್ ಫೋನ್. ದನಿಯಲ್ಲಿ ಹುರುಪು.

"ನಾಳೆ ಶೂಟಿಂಗ್ ಎಷ್ಟು ಗಂಟೆಗೆ, ನಾಜ್ನೀನ್? ಯಾರೂ ತಿಳಿಸುತ್ತಿಲ್ಲ. ಮಾತೆಲ್ಲ ಬಾಯಿಪಾಠ ಮಾಡಿದ್ದೇನೆ, ಕೇಳು."

ಆ ಕೊನೆಯ ಸೀನಿನ ಶಾಪ. ಮೊದಲಿಂದ ಕೊನೆವರೆಗೆ ಹೇಳಿದಳು. ಒಂದಕ್ಷರ ತಪ್ಪಲಿಲ್ಲ.

"ಸರಿ ಇತ್ತಾ?"

"ಸರಿ ಇತ್ತು."

"ಹಾಗಾದರೆ ಎಷ್ಟಕ್ಕೆ ಬರಲಿ?"

ಏಳಕ್ಕೆ ಎಂದುಬಿಟ್ಟೆ. ಅರಮನೆಯ ಸೆಟ್ ಬಿಚ್ಚಿ ಎರಡು ವಾರವಾಯಿತು, ಉಳಿದ ಶೂಟಿಂಗ್ ಬೇರೆ ಊರಲ್ಲಿ. ಬೆಳಗ್ಗೆ ಆಕೆ ಕೋಟು ಹಾಕಿಕೊಂಡು, ಸ್ಟುಡಿಯೋದ ಮುಚ್ಚಿದ ಗೇಟಿನ ಮುಂದೆ ನಿಂತಿರುತ್ತಾಳೆ.